ನಡುದಾರಿಯಲ್ಲಿ ಕೈಬಿಡದ ಊರು

ಬಾಂದ್ರಾಕ್ಕೆ ಹರಕೆಯ ಕಾಲ್ನಡಿಗೆ ಹೊಸತಲ್ಲ. ಸೋಮವಾರದ ರಾತ್ರಿ ಪ್ರಭಾದೇವಿಯ ಸಿದ್ಧಿವಿನಾಯಕನ ಕಡೆ ಬರಿಗಾಲಲ್ಲಿ ಹೊರಟ ಉಪನಗರದ ಭಕ್ತರು ಬಾಂದ್ರಾ ಹಾದು ಮಾಹಿಮಿಗೆ ದಾಟುತ್ತಾರೆ. ಸೆಪ್ಟೆಂಬರಿನಲ್ಲಿ ಮೌಂಟ್ ಮೇರಿಯ ಜಾತ್ರೆ ಬಂತೆಂದರೆ ಗುಡ್ಡದ ಅಂಗಡಿಗಳಲ್ಲಿ ಮೇಣದ ಕಾಲು, ಮೇಣದ ಕೈಗಳು ಸಾಲುಗಟ್ಟುತ್ತವೆ. ಯಾವ ಅಂಗಕ್ಕೆ ಬೇನೆಯೋ ಆ ಅಂಗದ ಮೇಣದ ರೂಪವನ್ನು ಮಾತೆಗೆ ಒಪ್ಪಿಸುವುದು ಅಲ್ಲಿನ ರೂಢಿ. ಹೀಗೆ ನಡೆಯುವವರಲ್ಲಿ ಯಾರಿಗಾದರೂ ತಲೆ ಸುತ್ತಿದರೆ ಆಸ್ಪತ್ರೆ ಹುಡುಕುತ್ತ ಹೋಗಬೇಕಿಲ್ಲ. ಪಾಲಿಕೆಯ ಭಾಭಾ ಆಸ್ಪತ್ರೆ, ಹಿಲ್ ರೋಡಿನ ಹೋಲಿ ಫ್ಯಾಮಿಲಿ, ರಿಕ್ಲಮೇಷನ್ನಿನ ಲೀಲಾವತಿ ಎಲ್ಲವೂ ಹತ್ತಿರದಲ್ಲೇ ಇವೆ. ಬಾಂದ್ರಾ ದಾಟಿದ ಮೇಲೆ ಆಟೋ ಸಿಗದಿದ್ದರೂ ಟ್ಯಾಕ್ಸಿ ಸಿಗುತ್ತದೆ. ಆದರೆ ಇದೇ ಮುಂಬಯಿಯ ಬೀದಿಗಳಿಂದ ರಾಮನವಮಿಯ ಹೊತ್ತಿಗೆ ಶಿರಡಿಗೆ ಹೊರಡುವ ಸಾಯಿ ಪಾಲ್ಖಿಗಳ, ಅಂದರೆ ಪಲ್ಲಕ್ಕಿಯೊಡನೆ ನಡೆಯುವ ಭಕ್ತರ ತಂಡಗಳ ಪಾಡು ಬೇರೆ. ಅವರದು ಸುಮಾರು 240 ಕಿಲೋಮೀಟರ್ ದಾರಿ. ಠಾಣೆ, ಭಿವಂಡಿ, ಶಹಾಪುರ ಕಳೆದು ಕಸಾರಾ ಮುಟ್ಟಿದರೆ ಅಲ್ಲಿಗೆ ಲೋಕಲ್ ರೈಲು ಮುಗಿಯಿತು. ಘಾಟಿ ಹತ್ತಿ ಇಗತ್‌ಪುರಿ, ಘೋಟಿ ದಾಟಿ ಸಿನ್ನರಿನ ಕಡೆ ತಿರುಗಿದರೆ ರೈಲು ಹಳಿಯೂ ದೂರವಾಗುತ್ತದೆ. ಕಾಯಿಲೆ ಹಿಡಿಯುವುದು ಈ ನಡುವಿನ ಊರುಗಳಲ್ಲಿ. ಇಲ್ಲಿ ಹೇಳಹೊರಟಿರುವುದು ಇಷ್ಟೇ: ದೂರ ನಡೆಯುವವರ ಕ್ಷೇಮ ತೀರ್ಮಾನವಾಗುವುದು ನಡುದಾರಿಯ ಸಣ್ಣ ಊರಿನಲ್ಲಿ, ಹಾಗಾಗಿ ಪಾದಯಾತ್ರೆಯ ಹೆಸರಿನಲ್ಲಿ ಖರ್ಚಾಗುವ ಹಣವೂ ಮುತುವರ್ಜಿಯೂ ಮೊದಲು ಆ ಊರಿಗೆ ಸಲ್ಲಬೇಕು.

ನಡುದಾರಿಯಲ್ಲೇ ಏಕೆ ಎಂಬುದಕ್ಕೆ ದೇಹದ ಲೆಕ್ಕವೇ ಉತ್ತರ. ಮೊದಲ ದಿನ ಉತ್ಸಾಹ ನಡೆಸುತ್ತದೆ, ಕೊನೆಯ ದಿನ ಕ್ಷೇತ್ರದ ಗೋಪುರ ಎಳೆದುಕೊಳ್ಳುತ್ತದೆ. ಈ ಎರಡರ ಮಧ್ಯೆ ಪಾದದ ಬೊಬ್ಬೆ ಒಡೆದು ಕೀವಾಗುತ್ತದೆ, ನಿದ್ದೆಗೆಟ್ಟ ಮೈ ನೀರು ಕಳೆದುಕೊಳ್ಳುತ್ತದೆ, ಸಿಕ್ಕಲ್ಲಿ ಕುಡಿದ ನೀರು ಹೊಟ್ಟೆ ಕೆಡಿಸುತ್ತದೆ. ಹೊಸ ಬಗೆಯ ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕೆನ್ನುತ್ತದೆ ವೈದ್ಯಶಾಸ್ತ್ರ. ಕಡಲ ತೇವದ ಗಾಳಿಯಲ್ಲಿ, ಕಚೇರಿಯ ಕುರ್ಚಿಯಲ್ಲಿ ವರ್ಷ ಕಳೆದವರು ಚೈತ್ರದ ಒಣ ಬಿಸಿಲಿಗೆ ಮೈಯೊಡ್ಡಿ ಘಾಟಿ ಏರುವುದು ಹೊರಟ ಕೆಲವೇ ದಿನಗಳಲ್ಲಿ. ಒಗ್ಗಿಕೊಳ್ಳುವಷ್ಟು ಹೊತ್ತು ದೇಹಕ್ಕೆ ಸಿಕ್ಕಿರುವುದಿಲ್ಲ. ಸಕ್ಕರೆ ಕಾಯಿಲೆಯವರ ಅಂಗಾಲಿಗೆ ನೋವಿನ ಅರಿವೇ ಕಡಿಮೆ. ಗಾಯ ಆದದ್ದು ಗೊತ್ತಾಗುವ ಹೊತ್ತಿಗೆ ಅದು ಆಳಕ್ಕಿಳಿದಿರುತ್ತದೆ. ಇವುಗಳಲ್ಲಿ ಬಹುಪಾಲು ತೊಂದರೆಗಳು ಮೊದಲ ಹಂತದಲ್ಲಿ ತೀರ ಸಣ್ಣವು. ಒಂದು ಶುಚಿಯಾದ ಪಟ್ಟಿ, ಒಂದೆರಡು ಲೀಟರ್ ಓಆರ್‌ಎಸ್, ಫ್ಯಾನಿನ ಕೆಳಗೆ ಒಂದು ರಾತ್ರಿಯ ನಿದ್ದೆ, ನಾಳೆ ನಡೆಯಬೇಡಿ ಎಂದು ಖಡಾಖಂಡಿತವಾಗಿ ಹೇಳಬಲ್ಲ ಒಬ್ಬ ನರ್ಸ್ ಅಥವಾ ಡಾಕ್ಟರ್ ಸಾಕು. ಇಷ್ಟು ಸಿಗದ ಕಡೆ ಅದೇ ತೊಂದರೆ ಎರಡು ದಿನ ಕಳೆದು ನಾಸಿಕದ ಐಸಿಯುವಿನಲ್ಲಿ ತೇಲುತ್ತದೆ. ಆಗ ಅದಕ್ಕೆ ಬೀಳುವ ಖರ್ಚು ಪಟ್ಟಿಯ ಖರ್ಚಲ್ಲ.

ಸಣ್ಣ ಊರಿನ ಸಾಮಾನ್ಯ ಉಪಚಾರಕ್ಕೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಜಗತ್ತು ಒಪ್ಪಿದ ಸಾಕ್ಷಿಯಿದೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಜೀವ ಉಳಿಸಿಕೊಳ್ಳಲು ಲಕ್ಷಗಟ್ಟಲೆ ಜನ ನಡೆದು ಗಡಿ ದಾಟಿದರು. ಪಶ್ಚಿಮ ಬಂಗಾಳದ ಗಡಿಪಟ್ಟಣ ಬನ್‌ಗಾಂವ್‌ಗೆ ಬಂದವರಲ್ಲಿ ಕಾಲರಾ ಹಬ್ಬಿತು. ಅಲ್ಲಿನ ಪುಟ್ಟ ಆಸ್ಪತ್ರೆಯ ಮಂಚ ತುಂಬಿ, ನೆಲವೂ ತುಂಬಿ, ನಾಳಕ್ಕೆ ಏರಿಸುವ ಸಲೈನ್ ಮುಗಿದುಹೋಯಿತು. ಡಾ. ದಿಲೀಪ್ ಮಹಲನಬೀಸ್ ರೋಗಿಗಳನ್ನು ಕಲ್ಕತ್ತೆಗೆ ಸಾಗಿಸುವ ಯೋಚನೆಗೆ ಕಟ್ಟುಬೀಳಲಿಲ್ಲ. ಗ್ಲೂಕೋಸ್, ಉಪ್ಪು, ಸೋಡಾಗಳನ್ನು ಅಳತೆಯಂತೆ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕದಡಿ, ರೋಗಿಯ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಸಾವು ಅವರ ಆರೈಕೆಗೆ ಒಳಪಟ್ಟವರಲ್ಲಿ ನೂರಕ್ಕೆ 3.6ಕ್ಕೆ ಇಳಿಯಿತು. ಇವತ್ತು ಯಾವ ಮೆಡಿಕಲ್ ಶಾಪಿನಲ್ಲೂ ಕೆಲವೇ ರೂಪಾಯಿಗೆ ಸಿಗುವ ಓಆರ್‌ಎಸ್ ಪೊಟ್ಟಣ ಜಗತ್ತಿನ ನಂಬಿಕೆ ಗಳಿಸಿದ್ದು ಹೀಗೆ. ಯಂತ್ರ, ತಜ್ಞರು, ದೊಡ್ಡ ಕಟ್ಟಡ ಯಾವುದೂ ಇಲ್ಲದಿದ್ದ ಜಾಗದಲ್ಲಿ ಜೀವ ಉಳಿಸಿದ್ದು ಬೇನೆ ಹತ್ತಿದಲ್ಲೇ ದೊರೆತ ಉಪಚಾರ. ಬನ್‌ಗಾಂವ್‌ನ ನಿರಾಶ್ರಿತರಿಗೂ ಘೋಟಿಯಲ್ಲಿ ಕುಸಿದು ಕೂರುವ ಪಾಲ್ಖಿಯವರಿಗೂ ಬದುಕಿನ ಸ್ಥಿತಿಯಲ್ಲಿ ಹೋಲಿಕೆಯಿಲ್ಲ, ನಿಜ. ಆದರೆ ನೀರು ಕಳೆದುಕೊಂಡ ದೇಹ ಇಬ್ಬರದೂ ಒಂದೇ. ಅದು ದೂರದ ಆಸ್ಪತ್ರೆಗಾಗಿ ಕಾಯುವುದಿಲ್ಲ.

ಉಪಚಾರದಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ನಿಲ್ಲುವ ಅವಕಾಶ. ನಡಿಗೆಯನ್ನು ನಾವು ಛಲದ ಕಣ್ಣಿನಿಂದ ಮಾತ್ರ ನೋಡುತ್ತೇವೆ; ನಿಂತವರು ಸೋತರು ಎಂದುಕೊಳ್ಳುತ್ತೇವೆ. ಈ ದೇಶ ಕಂಡ ದೊಡ್ಡ ನಡಿಗೆಗಳು ಬೇರೆಯದನ್ನೇ ಹೇಳುತ್ತವೆ. 1951ರಲ್ಲಿ ಭೂದಾನಕ್ಕೆಂದು ಪಾದಯಾತ್ರೆ ಹೊರಟ ವಿನೋಬಾ ಭಾವೆ 1952ರ ಡಿಸೆಂಬರಿನಲ್ಲಿ ಆಗಿನ ಬಿಹಾರದ, ಈಗಿನ ಝಾರ್ಖಂಡ್‌ನ ಚಾಂಡಿಲ್ ಎಂಬ ಸಣ್ಣ ಊರಿನಲ್ಲಿ ಮಾರಕ ಮಲೇರಿಯಾಕ್ಕೆ ತುತ್ತಾದರು. ಮೊದಲು ಔಷಧ ಒಲ್ಲೆನೆಂದರು. ಜ್ವರ ಏರಿ ಜೀವಕ್ಕೇ ಎರವಾಗುವ ಹೊತ್ತಿಗೆ ದೇಶದ ನಾಯಕರೂ ಸಂಗಡಿಗರೂ ಒತ್ತಾಯಿಸಿದ ಮೇಲೆ ಔಷಧಕ್ಕೆ ಒಪ್ಪಿದರು. ನಡಿಗೆ ನಿಂತಿತು. ಅವರು ಅಲ್ಲೇ ಉಳಿದು ಚೇತರಿಸಿಕೊಂಡರು. 1953ರ ಮಾರ್ಚಿನಲ್ಲಿ ಸರ್ವೋದಯ ಸಮ್ಮೇಳನವೇ ಚಾಂಡಿಲ್‌ಗೆ ಬಂತು. ಅಲ್ಲಿ ತಡೆದು ನಿಂತದ್ದರಿಂದಲೇ ಅವರ ಯಾತ್ರೆ ಮುಂದೆ ಹತ್ತು ವರ್ಷಕ್ಕೂ ಮಿಕ್ಕಿ ನಡೆಯಿತು, 1957ರಲ್ಲಿ ಕರ್ನಾಟಕಕ್ಕೂ ಬಂತು, ಮೈಸೂರಿನ ಹತ್ತಿರದ ಯಲವಾಲದಲ್ಲಿ ಗ್ರಾಮದಾನದ ಸಮ್ಮೇಳನವೂ ಆಯಿತು. 1930ರ ದಂಡಿ ಯಾತ್ರೆಯ ಏರ್ಪಾಟನ್ನೂ ನೆನೆಯಬಹುದು. ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಹೆಜ್ಜೆ ಹಾಕಿದ ಆ 241 ಮೈಲಿಯ ನಡಿಗೆಯಲ್ಲಿ ಸೋಮವಾರ ವಿಶ್ರಾಂತಿಯ ದಿನವಾಗಿತ್ತು. ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ ತಂಡವೊಂದು ಮುಂದಾಗಿ ಹೋಗಿ ದಾರಿಯ ಹಳ್ಳಿಗಳಲ್ಲಿ ತಂಗುವ ವ್ಯವಸ್ಥೆ ನೋಡುತ್ತಿತ್ತು. ಸಾಮ್ರಾಜ್ಯಕ್ಕೆ ಸವಾಲು ಹಾಕಿದ ನಡಿಗೆಗೇ ವಾರಕ್ಕೊಂದು ದಿನದ ಬಿಡುವಿತ್ತು. ರಜೆಯ ಲೆಕ್ಕ ನೋಡಿ, ತಲುಪುವ ದಿನ ಮೊದಲೇ ಗೊತ್ತುಮಾಡಿ ಹೊರಡುವ ನಮ್ಮ ಯಾತ್ರೆಗಳಲ್ಲಿ ಆ ಬಿಡುವಿಗೆ ಜಾಗ ಎಲ್ಲಿದೆ?

ಮಹಾರಾಷ್ಟ್ರಕ್ಕೆ ಇದೆಲ್ಲ ತಿಳಿಯದ ವಿಷಯವೇನಲ್ಲ. ಆಳಂದಿಯಿಂದ ಪಂಢರಪುರದವರೆಗಿನ ಆಷಾಢದ ವಾರಿ ಸುಮಾರು ಮೂರು ವಾರದ್ದು. ಅದು ಸಾಸವಡ, ಜೇಜುರಿ, ಲೋಣಂದ, ಫಲಟಣ, ನಾತೇಪುತೆ, ಮಾಳಶಿರಸ ಮುಂತಾದ ಸಣ್ಣ ಊರುಗಳ ಮೊಕ್ಕಾಮಿನ ಮೇಲೆಯೇ ನಿಂತಿರುವ ಯಾತ್ರೆ. ಮೊಕ್ಕಾಮು ಎಲ್ಲೆಲ್ಲಿ, ಯಾವ ದಿಂಡಿಯ (ಜೊತೆಯಾಗಿ ನಡೆಯುವ ಭಕ್ತರ ತಂಡದ) ಹಿಂದೆ ಯಾವ ದಿಂಡಿ ಎಂಬುದೆಲ್ಲ ತಲೆಮಾರುಗಳಿಂದ ಗೊತ್ತಾಗಿರುವುದರಿಂದ ವೈದ್ಯಕೀಯ ನೆರವನ್ನೂ ಆ ಲೆಕ್ಕಕ್ಕೆ ಹೊಂದಿಸಬಹುದು. 2023ರಲ್ಲಿ ರಾಜ್ಯ ಸರಕಾರ ‘ಆರೋಗ್ಯಾಚಿ ವಾರಿ, ಪಂಢರೀಚ್ಯಾ ದಾರಿ’ ಎಂಬ ಹೆಸರಿನಲ್ಲಿ ದಾರಿಯುದ್ದಕ್ಕೂ ಚಿಕಿತ್ಸಾ ಕೇಂದ್ರಗಳನ್ನು ತೆರೆದದ್ದು ಹೀಗೆಯೇ. 2021ರ ನವೆಂಬರಿನಲ್ಲಿ ಶಿಲಾನ್ಯಾಸವಾದ ಪಾಲ್ಖಿ ಮಾರ್ಗಗಳ ಅಗಲೀಕರಣದಲ್ಲಿ ನಡೆಯುವವರಿಗೆಂದೇ ಪ್ರತ್ಯೇಕ ಹಾದಿಯ ಯೋಜನೆಯೂ ಸೇರಿತು. ಬೆಳಗಾವಿ, ವಿಜಯಪುರದ ಕಡೆಯಿಂದ ದಿಂಡಿ ಕಟ್ಟಿಕೊಂಡು ಹೋಗುವ ಕನ್ನಡಿಗರಿಗೂ ಇಂಥ ಏರ್ಪಾಟಿನ ಬೆಲೆ ಗೊತ್ತು. ಯುಗಾದಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆಯುವ ಮಲ್ಲಯ್ಯನ ಭಕ್ತರಿಗೆ ದಾರಿಯ ಊರಿನವರು ಬಿಸಿನೀರಿನಲ್ಲಿ ಕಾಲು ತೊಳೆದು, ಎಣ್ಣೆ ತಿಕ್ಕಿ, ಗುಳಿಗೆ ಕೊಟ್ಟು, ದಾಸೋಹ ನಡೆಸುತ್ತಾರೆ. ಸರಕಾರ ಕೈ ಹಾಕುವ ಮೊದಲೇ ಜನ ಕಟ್ಟಿಕೊಂಡ ಆರೋಗ್ಯ ವ್ಯವಸ್ಥೆ ಅದು. ಒಟ್ಟಿನಲ್ಲಿ ನಡುದಾರಿಯ ಆರೈಕೆ ಸಾಧ್ಯವೇ ಎಂಬ ಪ್ರಶ್ನೆ ಇತ್ಯರ್ಥವಾಗಿದೆ. ಕಣ್ಣು ತುಂಬುವಷ್ಟು ಜನ ಸೇರಿದಲ್ಲಿ ಅದು ಸಿಗುತ್ತದೆ; ಐವತ್ತು, ನೂರು ಜನರ ಮಂಡಳಗಳು ಬೇರೆಬೇರೆ ದಿನ ಹೊರಡುವ ದಾರಿಯಲ್ಲಿ, ಒಬ್ಬಂಟಿಯಾಗಿ ನಡೆಯುವವರ ದಾರಿಯಲ್ಲಿ ಅದು ಅದೃಷ್ಟಕ್ಕೆ ಬಿಟ್ಟ ಮಾತಾಗುತ್ತದೆ.

ಇಷ್ಟಕ್ಕೂ ದೂರ ನಡೆಯುವವರೆಲ್ಲ ಹರಕೆ ಹೊತ್ತವರಲ್ಲ. ಈ ಮಾತಿಗೆ ಬಾಂದ್ರಾಕ್ಕಿಂತ ಬೇರೆ ಸಾಕ್ಷಿ ಬೇಡ. 2020ರ ಏಪ್ರಿಲ್ 14ರಂದು ಲಾಕ್‌ಡೌನ್ ಮೇ 3ರವರೆಗೆ ಮುಂದುವರಿಯುವುದೆಂದು ಘೋಷಣೆಯಾದ ದಿನ, ಬಾಂದ್ರಾ ನಿಲ್ದಾಣದ ಪಶ್ಚಿಮಕ್ಕೆ ಸಾವಿರಕ್ಕೂ ಹೆಚ್ಚು ವಲಸೆ ಕಾರ್ಮಿಕರು ಊರಿಗೆ ಹೋಗಬೇಕೆಂದು ಬಂದು ಸೇರಿದರು. ರೈಲಿರಲಿಲ್ಲ, ಲಾಠಿಯಿತ್ತು. ಆ ಬೇಸಗೆಯಲ್ಲಿ ಮುಂಬಯಿ–ನಾಸಿಕ ಹೆದ್ದಾರಿ ತುಂಬ ಗಂಟುಮೂಟೆ ಹೊತ್ತ ಕುಟುಂಬಗಳು ನಡೆದದ್ದನ್ನು ದೇಶ ನೋಡಿತು. ಪಾಲ್ಖಿಯವರು ಏರುವ ಅದೇ ಕಸಾರಾ ಘಾಟಿಯನ್ನು ಅವರೂ ಏರಿದರು. ಅದೇ ಏಪ್ರಿಲಿನಲ್ಲಿ ಬೆಂಗಳೂರಿನಿಂದ ಸಿಂಧನೂರಿನ ಕಡೆ ನಡೆದು ಹೊರಟಿದ್ದ ಕಟ್ಟಡ ಕಾರ್ಮಿಕ ಮಹಿಳೆಯೊಬ್ಬರು ಊರು ಮುಟ್ಟಲಿಲ್ಲ. ದಾರಿಯಲ್ಲಿ ಅಸ್ವಸ್ಥರಾಗಿ ಬಳ್ಳಾರಿಯಲ್ಲಿ ತೀರಿಕೊಂಡರು. ಮೇ 28ರಂದು ಸುಪ್ರೀಂ ಕೋರ್ಟ್ ನೀಡಿದ ಆದೇಶವು, ರಸ್ತೆಯಲ್ಲಿ ನಡೆಯುತ್ತಿರುವ ಕಾರ್ಮಿಕರು ಕಂಡುಬಂದರೆ ಅವರಿಗೆ ಆಸರೆಯನ್ನೂ ಊಟವನ್ನೂ ಒದಗಿಸುವ ಹೊಣೆಯನ್ನು ಆಡಳಿತದ ಮೇಲೆ ಹೊರಿಸಿತು. ಹೊರಟ ಊರು ಯಾವುದು, ಸೇರುವ ಊರು ಯಾವುದು ಎಂಬ ವಿಚಾರಣೆಗಿಂತ ಮೊದಲು, ಈಗ ಎಲ್ಲಿದ್ದಾರೋ ಅಲ್ಲಿಯವರು ನೋಡಿಕೊಳ್ಳಬೇಕೆಂಬ ತತ್ವ ಅದರೊಳಗಿದೆ. ಆಪತ್ತಿನ ಕಾಲಕ್ಕೆಂದು ಹುಟ್ಟಿದ ಆ ತತ್ವವನ್ನು ನಿತ್ಯದ ಆಡಳಿತಕ್ಕೆ ಇಳಿಸಿದರೆ ಸಾಕು. ಹರಕೆಯವರಿಗೆಂದು ಸಜ್ಜಾದ ಘೋಟಿಯ ಆಸ್ಪತ್ರೆ ನಾಳೆ ಅನಿವಾರ್ಯವಾಗಿ ನಡೆಯುವವರಿಗೂ ಒದಗುತ್ತದೆ.

ಇದಕ್ಕೆ ಮೊದಲ ಆಕ್ಷೇಪ ಆಂಬುಲೆನ್ಸ್ ಕಡೆಯವರದು. 108ಕ್ಕೆ ಫೋನ್ ಮಾಡಿದರೆ ಗಾಡಿ ಬರುತ್ತದೆ, ಅರ್ಧ ದಿನದೊಳಗೆ ದೊಡ್ಡ ಆಸ್ಪತ್ರೆ ಸಿಗುತ್ತದೆ, ಸಣ್ಣ ಊರಿಗೆ ಹಣ ಸುರಿಯುವುದೇಕೆ ಎಂಬ ವಾದ. ಕರ್ನಾಟಕದಲ್ಲಿ 2008ರಲ್ಲಿ, ಮಹಾರಾಷ್ಟ್ರದಲ್ಲಿ 2014ರಲ್ಲಿ ಶುರುವಾದ ಈ ಸೇವೆ ಉಳಿಸಿದ ಜೀವಗಳು ಅನೇಕ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆಂಬುಲೆನ್ಸ್ ಎಂಬುದು ದೂರವನ್ನು ಕಡಿಮೆ ಮಾಡುವ ಸಾಧನ, ಉಪಚಾರದ ಬದಲಿಯಲ್ಲ. ಬಿಸಿಲಿನ ಹೊಡೆತದಲ್ಲಿ ಮೈಯೊಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಾತು ತಡವರಿಸತೊಡಗಿದರೆ ಮೊದಲ ಅರ್ಧ ಗಂಟೆಯಲ್ಲೇ ಮೈ ತಣಿಸಬೇಕು. ಮೊದಲು ತಣಿಸಿ, ಆಮೇಲೆ ಸಾಗಿಸಿ ಎಂಬುದು ವೈದ್ಯರು ಒಪ್ಪಿದ ಕ್ರಮ. ತಣ್ಣೀರು ತುಂಬಿದ ತೊಟ್ಟಿ, ಐಸ್, ಹೇಗೆ ತಣಿಸಬೇಕೆಂದು ಬಲ್ಲ ಕೈಗಳು ಇಗತ್‌ಪುರಿಯಲ್ಲೇ ಇರಬೇಕು; ನಾಸಿಕದಲ್ಲಿದ್ದರೆ ತಡವಾಯಿತು. ಇನ್ನು ಬೊಬ್ಬೆ, ಭೇದಿ, ಸುಸ್ತು ಇವಕ್ಕೆ ಯಾರೂ 108ಕ್ಕೆ ಫೋನ್ ಮಾಡುವುದಿಲ್ಲ, ಮಾಡಲೂ ಬಾರದು. ಆಂಬುಲೆನ್ಸ್ ಬೇಡದಷ್ಟು ಸಣ್ಣದು, ನಡೆಯಲಾರದಷ್ಟು ದೊಡ್ಡದು. ಇಂಥ ಕಾಯಿಲೆಗಳೇ ದಾರಿಯಲ್ಲಿ ಹೆಚ್ಚು. ಅವುಗಳಿಗೆ ಈಗಿನ ವ್ಯವಸ್ಥೆಯಲ್ಲಿ ನಿಶ್ಚಿತವಾದ ನೆಲೆಯಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ತಮ್ಮಿಚ್ಛೆಯಿಂದ ನಡೆಯಹೊರಟ ಪಟ್ಟಣಿಗರಿಗಾಗಿ ಬಡ ತಾಲ್ಲೂಕಿನ ಹಾಸಿಗೆಗಳನ್ನೇಕೆ ಬಿಡಿಸಬೇಕು? ಶಹಾಪುರ, ಇಗತ್‌ಪುರಿ ತಾಲ್ಲೂಕುಗಳಲ್ಲಿ ಆದಿವಾಸಿಗಳ ಸಂಖ್ಯೆ ದೊಡ್ಡದು. ರಾಷ್ಟ್ರೀಯ ಮಾನದಂಡದಂತೆ ಒಂದು ಸಮುದಾಯ ಆರೋಗ್ಯ ಕೇಂದ್ರಕ್ಕೆ, ಅಂದರೆ ಮಹಾರಾಷ್ಟ್ರದವರು ಗ್ರಾಮೀಣ ರುಗ್ಣಾಲಯ ಎನ್ನುವ ಆಸ್ಪತ್ರೆಗೆ, ಇರಬೇಕಾದದ್ದು 30 ಹಾಸಿಗೆ. ಗುಡ್ಡಗಾಡು, ಬುಡಕಟ್ಟು ಪ್ರದೇಶದಲ್ಲಿ ಅದು 80,000 ಜನರಿಗೆ ಒಂದು. ದೇಶದ ಇಂಥ ಗ್ರಾಮೀಣ ಕೇಂದ್ರಗಳಲ್ಲಿ ಬೇಕಾದ ತಜ್ಞ ವೈದ್ಯರ ಪೈಕಿ ಸುಮಾರು 80 ಪ್ರತಿಶತ ಕೊರತೆಯಿದೆಯೆಂದು ಕೇಂದ್ರ ಸರಕಾರದ 2021–22ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳೇ ಹೇಳಿವೆ. ಅಲ್ಲಿ ಬಾಣಂತಿಯ ಮಂಚದಲ್ಲಿ ಪಾಲ್ಖಿಯವರನ್ನು ಮಲಗಿಸಿದರೆ ಅದು ಅನ್ಯಾಯವೇ ಸರಿ. ಆದರೆ ಈ ಆಕ್ಷೇಪ ಎತ್ತುವವರು ಒಂದನ್ನು ಗಮನಿಸಬೇಕು: ಯಾತ್ರಿಕರು ಈಗಲೂ ಆ ಆಸ್ಪತ್ರೆಗಳ ಬಾಗಿಲಿಗೆ ಬರುತ್ತಲೇ ಇದ್ದಾರೆ. ಏರ್ಪಾಟಿಲ್ಲದೆ ಬರುವುದರಿಂದಲೇ ಅವರು ಸ್ಥಳೀಯರ ಪಾಲನ್ನು ಕಿತ್ತುಕೊಳ್ಳುವಂತಾಗಿದೆ. ಹೊರಗಿನವರ ನಿಮಿತ್ತ ಹೆಚ್ಚುವರಿ ನರ್ಸ್, ಹೆಚ್ಚುವರಿ ಔಷಧ, ಹೆಚ್ಚುವರಿ ಮಂಚ ಹೊರಗಿನ ಹಣದಿಂದಲೇ ಬಂದರೆ ಯಾತ್ರೆ ಮುಗಿದ ಮೇಲೂ ಮಂಚ ಅಲ್ಲೇ ಉಳಿಯುತ್ತದೆ, ಮುಂದಿನ ಮಳೆಗಾಲದ ಜ್ವರಕ್ಕೆ ಊರವರಿಗೇ ಒದಗುತ್ತದೆ. ಇಚ್ಛೆಯಿಂದ ಹೊರಟವರೆಂಬ ಮಾತಿಗೂ ಮಿತಿಯಿದೆ. ಮೋಟಾರ್ ಸೈಕಲ್ಲಿನಲ್ಲಿ ಸ್ವಇಚ್ಛೆಯಿಂದಲೇ ಹೋಗಿ ಬಿದ್ದವರನ್ನು ಯಾವ ಆಸ್ಪತ್ರೆಯೂ ಹಾಗೆ ಪ್ರಶ್ನಿಸುವುದಿಲ್ಲ.

ಮೂರನೆಯದು ಶ್ರದ್ಧೆಯ ಆಕ್ಷೇಪ. ಕಷ್ಟಪಡುವುದೇ ಹರಕೆಯ ಸಾರ, ಮಧ್ಯದಲ್ಲಿ ಮಲಗಿ ಚಿಕಿತ್ಸೆ ಪಡೆದರೆ ಅದು ಮುರಿದಂತೆ ಎಂದು ನಂಬಿರುವವರು ಕಡಿಮೆಯೇನಿಲ್ಲ. ಅವರ ನಂಬಿಕೆಯನ್ನು ಗೇಲಿ ಮಾಡಿ ಪ್ರಯೋಜನವಿಲ್ಲ. ಆ ನಂಬಿಕೆಯೊಳಗಿನಿಂದಲೇ ಉತ್ತರ ಹುಡುಕುವುದು ಮೇಲು. 2020ರಲ್ಲಿ ಸೋಂಕಿನ ಕಾರಣಕ್ಕೆ ವಾರಿ ನಡೆಯಲಾಗದಿದ್ದಾಗ ಸಂತರ ಪಾದುಕೆಗಳು ಎಸ್‌ಟಿ ಬಸ್ಸಿನಲ್ಲಿ ಪಂಢರಪುರ ಸೇರಿದವು. ಶತಮಾನಗಳ ಸಂಪ್ರದಾಯ ಅದರಿಂದ ಮುರಿಯಲಿಲ್ಲ. ಪಾದುಕೆಗೇ ಬಸ್ಸು ಸಲ್ಲುವುದಾದರೆ ಜ್ವರ ಬಂದ ಭಕ್ತರಿಗೆ ಸಲ್ಲದೆ? ನಮ್ಮ ಪರಂಪರೆಯಲ್ಲಿ ನಡೆಯುವವರಿಗಿಂತ ಉಪಚರಿಸುವವರಿಗೆ ಕಡಿಮೆ ಪುಣ್ಯವೆಂದು ಯಾರೂ ಹೇಳಿಲ್ಲ. ಅಶೋಕನ ಎರಡನೆಯ ಬೃಹತ್ ಶಿಲಾಶಾಸನ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಟನ್ನು ಹೇಳಿ, ಅದರ ಜೊತೆಗೇ ದಾರಿಬದಿಯ ಬಾವಿ, ಮರಗಳನ್ನು ಹೆಸರಿಸುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠವನ್ನು ವರ್ಣಿಸುವ 1162ರ ಶಾಸನ, ಹಸಿದವರಿಗೂ ಕೈಲಾಗದವರಿಗೂ ಅನ್ನ ಇಕ್ಕುವ, ನಾನಾ ಕಾಯಿಲೆಯವರಿಗೆ ಔಷಧ ಕೊಡುವ ಜಾಗವೆಂದು ಅದನ್ನು ಕೊಂಡಾಡುತ್ತದೆ. ಅರವಟ್ಟಿಗೆ, ಸತ್ರ, ಮಠ ಮೂರೂ ನಡೆದು ದಣಿದವರು ನಿಲ್ಲಲೆಂದು ಹುಟ್ಟಿದವು. ನಿಲ್ಲುವುದು ಪಾಪವಾಗಿದ್ದರೆ ಇವುಗಳನ್ನು ಕಟ್ಟಿಸಿದವರಿಗೆ ಹೊಗಳಿಕೆಯ ಶಾಸನ ಏಕೆ ಬರೆಸುತ್ತಿದ್ದರು?

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಶಿರಡಿಯ ಸಂಸ್ಥಾನ ರಾಜ್ಯದ 2004ರ ಪ್ರತ್ಯೇಕ ಕಾಯ್ದೆಯಡಿ ನಡೆಯುವ, ಶಿರಡಿಯಲ್ಲಿ ಆಸ್ಪತ್ರೆಗಳನ್ನೇ ನಡೆಸುವ ಶ್ರೀಮಂತ ಟ್ರಸ್ಟ್. ಭಕ್ತರ ಆರೋಗ್ಯಕ್ಕೆ ಅದು ಖರ್ಚು ಮಾಡುವುದರಲ್ಲಿ ಒಂದು ನಿಶ್ಚಿತ ಪಾಲು ಶಹಾಪುರದಿಂದ ಸಿನ್ನರಿನವರೆಗಿನ ಸರಕಾರಿ ಆಸ್ಪತ್ರೆಗಳಿಗೆ ಸೇರಲಿ. ಕ್ಷೇತ್ರದಲ್ಲಿ ಇನ್ನೊಂದು ಕಟ್ಟಡ ಏಳುವುದಕ್ಕಿಂತ ಇದು ಹೆಚ್ಚು ಭಕ್ತರಿಗೆ ಮುಟ್ಟುತ್ತದೆ. ಜಿಲ್ಲಾಡಳಿತ ಪಾಲ್ಖಿಗಳ ಹೊರಡುವ ದಿನ, ತಂಗುವ ಊರುಗಳ ಪಟ್ಟಿಯನ್ನು ಮೊದಲೇ ಪಡೆದು ತಾಲ್ಲೂಕಿನ ವೈದ್ಯಾಧಿಕಾರಿಗೆ ಕಳಿಸಲಿ. ಯಾತ್ರೆಯ ಹದಿನೈದು ದಿನಕ್ಕೆ ಶಾಲೆ ಅಥವಾ ಧರ್ಮಶಾಲೆಯ ಎರಡು ಕೋಣೆ ಆಸ್ಪತ್ರೆಯ ಕೈಗೆ ಬರಲಿ. ರೋಗಿ ಎನ್ನಿಸಿಕೊಳ್ಳದ, ಆದರೆ ನಡೆಯಲಾರದ ಜನ ಅಲ್ಲಿ ಒಂದು ರಾತ್ರಿ ಮಲಗಿ ಏಳಲಿ. ಮಂಡಳಗಳೂ ತಮ್ಮ ನಡಿಗೆಯಲ್ಲಿ, ಘಾಟಿ ಏರಿದ ಮರುದಿನ, ಒಂದು ಪೂರ್ತಿ ದಿನದ ಬಿಡುವನ್ನು ಕಡ್ಡಾಯ ಮಾಡಿಕೊಳ್ಳಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಯಾರಿಗಿದೆ, ಯಾವ ಗುಳಿಗೆ ನುಂಗುತ್ತಾರೆ ಎಂಬುದನ್ನು ಬರೆದ ಚೀಟಿ ಪ್ರತಿಯೊಬ್ಬರ ಕೊರಳಲ್ಲಿರಬೇಕು. ಧರ್ಮಸ್ಥಳಕ್ಕೆ ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಹೋಗುವ ನಮ್ಮವರಿಗೂ, ಶ್ರೀಶೈಲದ ಕಾಡುದಾರಿ ಹಿಡಿಯುವವರಿಗೂ ಇದೇ ಪಟ್ಟಿ ಅನ್ವಯಿಸುತ್ತದೆ.

ಹೊರಡುವ ಮುನ್ನ ಮಂಡಳಗಳಲ್ಲಿ ಸಭೆ ಸೇರುತ್ತದೆ. ರಥಕ್ಕೆ ಹೂವು ಯಾರದು, ಮೈಕ್ ಯಾರದು, ಅಡುಗೆಯ ಟೆಂಪೊ ಯಾರದು, ಟೀ ಶರ್ಟಿನ ಮೇಲೆ ಯಾರ ಹೆಸರು ಎಂಬುದೆಲ್ಲ ಅಲ್ಲಿ ಇತ್ಯರ್ಥವಾಗುತ್ತದೆ. ಈ ಸಲ ಆ ಪಟ್ಟಿಯ ಮೊದಲ ಸಾಲಿನಲ್ಲಿ ಕಸಾರಾ, ಇಗತ್‌ಪುರಿ, ಘೋಟಿ, ಸಿನ್ನರಿನ ಸರಕಾರಿ ವೈದ್ಯರ ಫೋನ್ ನಂಬರ್ ಬರಲಿ. ಎರಡನೆಯ ಸಾಲಿನಲ್ಲಿ, ದಾರಿಯಲ್ಲಿ ಯಾರಾದರೂ ನಿಲ್ಲಬೇಕಾಗಿ ಬಂದರೆ ಅವರ ಜೊತೆ ನಿಲ್ಲುವವರು ಯಾರೆಂದು ಹೆಸರು ಬರೆದಿರಲಿ. ಆ ಹೆಸರು ಬರೆಯಲಾಗದ ಮಂಡಳ ಇನ್ನೊಂದು ವಾರ ತಡೆದು ಹೊರಡುವುದೇ ಲೇಸು.